ಜೀವ ವಿಮೆಗೂ ಉಯಿಲಿಗೂ ಯಾರ ಬಳಿ ಹೋಗುವುದು? ಅರ್ಹರನ್ನು ಗುರುತಿಸುವುದು ಹೇಗೆ?

ಮಂಡಗದ್ದೆ_ದಾರಿ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ತೀರ್ಥಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದೇನೆ. ಊರಿನಲ್ಲಿ ತಂದೆಯ ಕಾಲದ ಮೂರು ಎಕರೆ ಅಡಕೆ ತೋಟವಿದ್ದು, ಅದು ನನ್ನ, ತಮ್ಮನ ಮತ್ತು ತಂಗಿಯ ನಡುವೆ ಇನ್ನೂ ಪಾಲಾಗಿಲ್ಲ. ಮನೆಯಲ್ಲಿ ತಾಯಿ, ಹೆಂಡತಿ, ಪಿಯುಸಿ ಓದುತ್ತಿರುವ ಮಗಳು ಮತ್ತು 13 ವರ್ಷದ ಮಗ ಇದ್ದಾರೆ. ಮಗನಿಗೆ ಹುಟ್ಟಿನಿಂದಲೇ ಬೌದ್ಧಿಕ ಬೆಳವಣಿಗೆಯ ತೊಂದರೆಯಿದ್ದು, ದೊಡ್ಡವನಾದ ಮೇಲೂ ಹಣಕಾಸಿನ ವ್ಯವಹಾರವನ್ನು ಅವನು ತಾನೇ ನೋಡಿಕೊಳ್ಳಲಾರ ಎಂದು ವೈದ್ಯರು ಹೇಳಿದ್ದಾರೆ.

ಅಂಗಡಿಯ ಓವರ್‌ಡ್ರಾಫ್ಟ್ ಮತ್ತು ಗೋದಾಮಿನ ಸಾಲ ಸೇರಿ ಬ್ಯಾಂಕಿಗೆ 38 ಲಕ್ಷ ರೂಪಾಯಿ ಬಾಕಿಯಿದೆ. ನನ್ನ ಹೆಸರಿನಲ್ಲಿ ನಾಲ್ಕು ಪಾಲಿಸಿಗಳಿವೆ. ಎಲ್ಲವೂ ಎಂಡೋಮೆಂಟ್ ಅಥವಾ ಮನಿ ಬ್ಯಾಕ್, ಅಂದರೆ ಅವಧಿಯ ಕೊನೆಯಲ್ಲೋ ನಡುನಡುವೆಯೋ ಹಣ ಹಿಂದಿರುಗಿಸುವ ಉಳಿತಾಯದ ಪಾಲಿಸಿಗಳು, ಒಟ್ಟು ವಿಮಾ ಮೊತ್ತ 11 ಲಕ್ಷ. ನಾಲ್ಕನ್ನೂ ಮಾಡಿಸಿದವರು ನಮ್ಮ ಸಂಬಂಧಿಕರೇ ಆದ ಒಬ್ಬ ಏಜೆಂಟರು. ಕಳೆದ ತಿಂಗಳು ಬಾಂಡುಗಳನ್ನು ಬೀರುವಿನಿಂದ ಹೊರತೆಗೆದು ನೋಡಿದಾಗ, ಮದುವೆಗೆ ಮೊದಲು ಮಾಡಿಸಿದ ಎರಡು ಪಾಲಿಸಿಗಳಲ್ಲಿ ನಾಮಿನಿಯಾಗಿ ಇಂದಿಗೂ ತಾಯಿಯ ಹೆಸರೇ ಇರುವುದು ತಿಳಿಯಿತು.

ಇದರ ಬಗ್ಗೆ ವಿಚಾರಿಸಲು ಹೋದರೆ ಏಜೆಂಟರು, ಜೀವ ವಿಮೆಯ ಮೇಲಿನ ಜಿಎಸ್‌ಟಿ ಹೋಗಿರುವುದರಿಂದ ಇದೇ ಸಕಾಲ ಎಂದು ಐದನೆಯ ಪಾಲಿಸಿಯ ಕರಪತ್ರ ಕೊಟ್ಟು ಕಳುಹಿಸಿದರು. ಬ್ಯಾಂಕಿನವರು, ಸಾಲ ನವೀಕರಣ ಸುಲಭವಾಗಬೇಕಾದರೆ ತಮ್ಮ ಮೂಲಕ ಒಂದು ಪಾಲಿಸಿ ಮಾಡಿಸಿರಿ ಎಂಬ ಧಾಟಿಯಲ್ಲಿ ಮಾತನಾಡಿದರು. ಉಪನೋಂದಣಾಧಿಕಾರಿ ಕಚೇರಿಯ ಎದುರಿನ ಪತ್ರ ಬರಹಗಾರರು ಒಂದು ಗಂಟೆಯಲ್ಲಿ ಉಯಿಲು ಸಿದ್ಧಮಾಡಿ ಕೊಡುತ್ತೇನೆ ಎನ್ನುತ್ತಾರೆ. ಶಿವಮೊಗ್ಗದಲ್ಲಿ ಒಬ್ಬರು ‘ವೆಲ್ತ್ ಅಂಡ್ ಎಸ್ಟೇಟ್ ಪ್ಲಾನರ್’ ಎಂದು ಫಲಕ ಹಾಕಿಕೊಂಡಿದ್ದಾರೆ. ಎಸ್ಟೇಟ್ ಎಂದರೆ ಕೊಪ್ಪದ ಕಡೆಯ ಕಾಫಿ ಎಸ್ಟೇಟ್ ಎಂದಷ್ಟೇ ತಿಳಿದಿದ್ದ ನಾನು ಒಳಗೆ ಹೋಗಲು ಅಂಜಿ ಹಿಂದಿರುಗಿದೆ.

ಇವರಲ್ಲಿ ಯಾರು ಯಾವ ಕೆಲಸಕ್ಕೆ ಅರ್ಹರು, ಆ ಅರ್ಹತೆಯನ್ನು ನನ್ನಂಥವನು ಪರೀಕ್ಷಿಸುವುದು ಹೇಗೆ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಹಳೆಯ_ಶಾಖಾಧಿಕಾರಿ, ಮೈಸೂರು

ತೀರ್ಥಹಳ್ಳಿಯವರೇ, ಜೀವ ವಿಮಾ ಶಾಖೆಯಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದ ನಾನು, ಇವರ ಎದುರು ಕುಳಿತಾಗ ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಮನುಷ್ಯನಿಗೆ ಸಂಬಳ ಅಥವಾ ಕಮಿಷನ್ ಯಾರ ಕಡೆಯಿಂದ ಬರುತ್ತದೆ?

ಕಾನೂನಿನ ದೃಷ್ಟಿಯಲ್ಲಿ ಏಜೆಂಟರು ಕಂಪನಿಯ ಪ್ರತಿನಿಧಿ. ಒಬ್ಬ ವ್ಯಕ್ತಿ ಒಂದೇ ಒಂದು ಜೀವ ವಿಮಾ ಕಂಪನಿಗೆ ಏಜೆಂಟನಾಗಬಹುದಾದ್ದರಿಂದ, ಬೇರೆ ಕಂಪನಿಯ ಪಾಲಿಸಿ ನಿಮಗೆ ಹೆಚ್ಚು ಹೊಂದುತ್ತದೆ ಎಂದು ಆತ ಹೇಳುವುದನ್ನು ನಿರೀಕ್ಷಿಸುವುದೇ ತಪ್ಪು. ಬ್ಯಾಂಕುಗಳು ಕಾರ್ಪೊರೇಟ್ ಏಜೆಂಟರು. ಅವು ಒಂಬತ್ತು ಜೀವ ವಿಮಾ ಕಂಪನಿಗಳವರೆಗೆ ಒಪ್ಪಂದ ಮಾಡಿಕೊಳ್ಳಬಹುದಾದರೂ ಕೌಂಟರಿನಲ್ಲಿ ಸಾಮಾನ್ಯವಾಗಿ ಒಂದೆರಡನ್ನೇ ಮುಂದಿಡುತ್ತವೆ. ಸಾಲಕ್ಕಾಗಿ ತಮ್ಮ ಮೂಲಕವೇ ವಿಮೆ ಮಾಡಿಸಬೇಕೆಂದು ಅವರು ಒತ್ತಾಯಿಸುವಂತಿಲ್ಲ. ಆ ಮಾತನ್ನು ಬರವಣಿಗೆಯಲ್ಲಿ ಕೊಡಿ ಎಂದು ಒಮ್ಮೆ ಕೇಳಿನೋಡಿ, ಧಾಟಿ ತಾನಾಗಿ ಬದಲಾಗುತ್ತದೆ. ಬ್ರೋಕರ್ ಎಂಬುವವರು ಮಾತ್ರ ಕಾನೂನಿನ ಪ್ರಕಾರ ಗ್ರಾಹಕರ ಪರವಾಗಿ ನಿಲ್ಲಬೇಕಾದವರು, ಆದರೆ ಅವರಿಗೂ ಹಣ ಬರುವುದು ಕಂಪನಿಯಿಂದಲೇ. ನಿಮ್ಮಿಂದ ಮಾತ್ರ ಶುಲ್ಕ ಪಡೆದು ಸಲಹೆ ಕೊಡುವವರು, ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿತರಾದ ಹೂಡಿಕೆ ಸಲಹೆಗಾರರು. 2013ರ ನಿಯಮಾವಳಿಯ ಅಡಿಯಲ್ಲಿ ಅವರಿಗೆ ‘ಐಎನ್‌ಎ’ ಎಂದು ಆರಂಭವಾಗುವ ನೋಂದಣಿ ಸಂಖ್ಯೆ ಇರುತ್ತದೆ, ಸೆಬಿಯ ಜಾಲತಾಣದಲ್ಲಿ ಹೆಸರನ್ನು ಹುಡುಕಬಹುದು. ‘ಎಆರ್‌ಎನ್’ ಎಂಬ ಸಂಖ್ಯೆ ತೋರಿಸಿದರೆ ಅವರು ಮ್ಯೂಚುವಲ್ ಫಂಡ್ ವಿತರಕರು, ಅಂದರೆ ಮಾರುವವರೇ. ಎಸ್ಟೇಟ್ ಎಂದರೆ ಇಲ್ಲಿ ಒಬ್ಬರು ಬಿಟ್ಟುಹೋಗುವ ಒಟ್ಟು ಸ್ವತ್ತು ಎಂದಷ್ಟೇ ಅರ್ಥ, ಶಿವಮೊಗ್ಗದ ಫಲಕದ ಒಳಗೆ ಹೋಗಿ ಈ ಸಂಖ್ಯೆಯನ್ನು ಕೇಳಲು ನೀವು ಅಂಜಬೇಕಾಗಿಲ್ಲ.

ಪದವಿಗಳ ವಿಷಯಕ್ಕೆ ಬಂದರೆ, ಏಜೆಂಟರಾಗಲು ಹತ್ತನೆಯ ತರಗತಿ ಮತ್ತು ಒಂದು ಪರೀಕ್ಷೆ ಸಾಕು. ಅದನ್ನು ದಾಟಿ ಓದಿದವರು ಮುಂಬೈನ ಇನ್ಷೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದ ಲೈಸೆನ್ಶಿಯೇಟ್, ಅಸೋಸಿಯೇಟ್, ಫೆಲೋ ಪರೀಕ್ಷೆಗಳನ್ನೋ, ಸಿಎಫ್‌ಪಿ ಎಂಬ ಹಣಕಾಸು ಯೋಜಕರ ಅರ್ಹತೆಯನ್ನೋ ಪಡೆದಿರುತ್ತಾರೆ. ಇವು ನಿಜವಾದ ಓದು. ವಿಸಿಟಿಂಗ್ ಕಾರ್ಡಿನಲ್ಲಿ ಹೊಳೆಯುವ ‘ಎಂಡಿಆರ್‌ಟಿ’, ‘ಚೇರ್ಮನ್ಸ್ ಕ್ಲಬ್’ ಮುಂತಾದವು ಆ ವರ್ಷ ಎಷ್ಟು ವ್ಯಾಪಾರ ತಂದರು ಎಂಬುದಕ್ಕೆ ಸಿಕ್ಕ ಮನ್ನಣೆಗಳು. ನಮ್ಮ ಶಾಖೆಯಲ್ಲಿ ಪ್ರತಿ ಮಾರ್ಚ್ ಕೊನೆಯ ವಾರ ಆ ಮನ್ನಣೆಗಾಗಿ ನಡೆಯುತ್ತಿದ್ದ ಓಡಾಟವನ್ನು ಕಂಡ ನನಗೆ ಅದರ ಮೇಲೆ ವಿಶೇಷ ಗೌರವವೇನೂ ಉಳಿದಿಲ್ಲ.

ನಿಮ್ಮ ಏಜೆಂಟರನ್ನು ಎರಡು ಲೆಕ್ಕ ಕೇಳಿ. ಮೊದಲನೆಯದು, ಅವರು ಮಾಡಿಸಿದ ಪಾಲಿಸಿಗಳಲ್ಲಿ ನೂರಕ್ಕೆ ಎಷ್ಟು 13ನೆಯ ತಿಂಗಳಿನಲ್ಲಿ ಮತ್ತು ಎಷ್ಟು 61ನೆಯ ತಿಂಗಳಿನಲ್ಲಿ ಚಾಲ್ತಿಯಲ್ಲಿವೆ ಎಂಬುದು. ಕಂಪನಿಯ ಬಳಿ ಪ್ರತಿ ಏಜೆಂಟರ ಈ ಲೆಕ್ಕವಿರುತ್ತದೆ, ಮತ್ತು ಹೊಂದದ ಪಾಲಿಸಿಯನ್ನು ತಲೆಗೆ ಕಟ್ಟಿದವರ ಸಂಖ್ಯೆ ಐದನೆಯ ವರ್ಷಕ್ಕೆ ಕುಸಿದಿರುತ್ತದೆ. ಎರಡನೆಯದು, ಪಾಲಿಸಿಯ ನಿಜವಾದ ವಾರ್ಷಿಕ ಗಳಿಕೆ. ವರ್ಷಕ್ಕೆ 50,000 ರೂಪಾಯಿಯಂತೆ 20 ವರ್ಷ ಕಟ್ಟಿ 18 ಲಕ್ಷ ಬಂದರೆ ‘ಹತ್ತು ಲಕ್ಷಕ್ಕೆ ಹದಿನೆಂಟು’ ಎಂದು ಹೇಳುವುದು ಸುಲಭ, ಆದರೆ ಬಡ್ಡಿಯ ಲೆಕ್ಕದಲ್ಲಿ ಅದು ಶೇ. 5.3ರ ಆಸುಪಾಸು ಮಾತ್ರ. ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ತೋರಿಸಬಲ್ಲ ಏಜೆಂಟರು ಸಿಕ್ಕಿದರೆ ಅವರನ್ನು ಬಿಡಬೇಡಿ. ಹಾಗೆಂದು ಹಳೆಯ ನಾಲ್ಕು ಪಾಲಿಸಿಗಳನ್ನು ಇವತ್ತೇ ಸರೆಂಡರ್ ಮಾಡಿ, ಅಂದರೆ ಅವಧಿಗೆ ಮೊದಲೇ ಮುರಿದು ಹಣ ಪಡೆಯಿರಿ ಎನ್ನುವವರನ್ನೂ ನಂಬಬೇಡಿ. ಅವಧಿ ಮುಗಿಯುತ್ತ ಬಂದದ್ದನ್ನು ಮುಂದುವರಿಸುವುದು, ಹೊಸದನ್ನು ಪೇಯ್ಡ್ ಅಪ್ ಮಾಡುವುದು (ಮುಂದೆ ಕಂತು ಕಟ್ಟದೆ, ಕಡಿಮೆ ಮೊತ್ತದ ಪಾಲಿಸಿಯಾಗಿ ಉಳಿಸಿಕೊಳ್ಳುವುದು) ಇತ್ಯಾದಿ ದಾರಿಗಳಿರುತ್ತವೆ, ಪ್ರತಿಯೊಂದನ್ನೂ ಬೇರೆಯಾಗಿಯೇ ನೋಡಬೇಕು. ಬ್ಯಾಂಕಿನ ಸಾಲವೇ 38 ಲಕ್ಷ ಇರುವಾಗ 11 ಲಕ್ಷದ ವಿಮೆ ಸಾಲದು ಎಂಬ ಮಾತನ್ನು ಇಷ್ಟು ವರ್ಷ ಅವರು ಹೇಳಲಿಲ್ಲವಲ್ಲ, ನನಗೆ ಬೇಸರವಾಗುವುದು ಅದಕ್ಕೆ.

ಇನ್ನೊಂದು ಮಾತು. ಪ್ರಪೋಸಲ್ ಫಾರಂ ತುಂಬುವಾಗ ಪಕ್ಕದಲ್ಲಿ ಕುಳಿತು ಓದಿ. ಜಗಲಿಯ ಮೇಲೆ ಚಹಾ ಕುಡಿಯುತ್ತ ‘ಎಲ್ಲಿ ಗುರುತು ಹಾಕಿದ್ದೇನೋ ಅಲ್ಲಿ ಸಹಿ ಮಾಡಿ’ ಎಂದ ಏಜೆಂಟರು, ಆರೋಗ್ಯದ ಎಲ್ಲ ಪ್ರಶ್ನೆಗಳಿಗೂ ‘ಇಲ್ಲ’ ಎಂದು ಬರೆದುಕೊಂಡ ಎಷ್ಟೋ ಕ್ಲೇಮುಗಳು ನನ್ನ ಮೇಜಿಗೆ ಬಂದಿವೆ. ವಿಮಾ ಕಾಯ್ದೆಯ 45ನೆಯ ಕಲಮಿನ ಪ್ರಕಾರ ಮೂರು ವರ್ಷ ಕಳೆದ ಮೇಲೆ ಕಂಪನಿ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ ನಿಜ. ಆದರೆ ಸಾವು ಆ ಮೂರು ವರ್ಷ ಮುಗಿಯಲೆಂದು ಕಾಯುತ್ತದೆಯೇ?

ಉಣಕಲ್_ಕೆರೆ, ಹುಬ್ಬಳ್ಳಿ

ಶಾಖಾಧಿಕಾರಿಗಳೇ, ತಮ್ಮ ಬಗ್ಗೆ ಗೌರವವಿಟ್ಟುಕೊಂಡೇ ಒಂದು ಆಕ್ಷೇಪವನ್ನು ದಾಖಲಿಸುತ್ತೇನೆ. ನಾನು 19 ವರ್ಷಗಳಿಂದ ಏಜೆಂಟನಾಗಿದ್ದೇನೆ. ಜನರು ನನ್ನನ್ನು ಕೇಳುವ ಮೊದಲ ಪ್ರಶ್ನೆ ‘ಮೊದಲ ಕಂತಿನಲ್ಲಿ ಎಷ್ಟು ಬಿಡುತ್ತೀರಿ’ ಎಂಬುದೇ ಹೊರತು ‘ನನಗೆ ಎಷ್ಟು ವಿಮೆ ಬೇಕು’ ಎಂಬುದಲ್ಲ. ಕಮಿಷನ್ನಿನಲ್ಲಿ ಪಾಲು ಕೊಡುವುದೂ ತೆಗೆದುಕೊಳ್ಳುವುದೂ ವಿಮಾ ಕಾಯ್ದೆಯ 41ನೆಯ ಕಲಮಿನ ಪ್ರಕಾರ ಅಪರಾಧವೆಂದು ಹೇಳಿದರೆ, ಬಿಟ್ಟುಕೊಡುವ ಇನ್ನೊಬ್ಬನ ಬಳಿಗೆ ಹೋಗುತ್ತಾರೆ. ಟರ್ಮ್ ಪಾಲಿಸಿಯ ಮಾತೆತ್ತಿದರೆ ‘ಸತ್ತರೆ ಮಾತ್ರ ಹಣವೇ’ ಎಂದು ಮುಖ ಸಿಂಡರಿಸುತ್ತಾರೆ.

2021ರ ಮೇ ತಿಂಗಳಿನಲ್ಲಿ ನನ್ನ ಪಾಲಿಸಿದಾರರಲ್ಲಿ ಏಳು ಜನ ತೀರಿಕೊಂಡರು. ಆಸ್ಪತ್ರೆಯ ಕಾಗದ, ಮರಣ ಪ್ರಮಾಣಪತ್ರ, ನಾಮಿನಿಯ ಬ್ಯಾಂಕ್ ವಿವರ ಎಲ್ಲವನ್ನೂ ನಾನೇ ಓಡಾಡಿ ಕೂಡಿಸಿದೆ. ಆನ್‌ಲೈನಿನಲ್ಲಿ ಪಾಲಿಸಿ ಕೊಂಡ ಮನೆಗಳ ಹೆಣ್ಣುಮಕ್ಕಳು ಪಾಸ್‌ವರ್ಡ್ ಕೂಡ ಗೊತ್ತಿಲ್ಲದೆ ನನ್ನ ಬಳಿಗೇ ಬಂದರು. ಆದ್ದರಿಂದ ಏಜೆಂಟರನ್ನು ಆರಿಸುವವರು, ಅವರು ಈವರೆಗೆ ಎಷ್ಟು ಕ್ಲೇಮುಗಳನ್ನು ಮಾಡಿಸಿಕೊಟ್ಟಿದ್ದಾರೆ ಎಂದೂ ಕೇಳಬೇಕು, ಸಾಧ್ಯವಾದರೆ ಅಂಥ ಒಂದು ಮನೆಯವರೊಂದಿಗೆ ಮಾತನಾಡಬೇಕು.

ಹಳೆಯ_ಶಾಖಾಧಿಕಾರಿ, ಮೈಸೂರು

ಹುಬ್ಬಳ್ಳಿಯವರ ಮಾತನ್ನು ಒಪ್ಪುತ್ತೇನೆ. ನಾನು ಹೇಳಿದ ಎರಡು ಲೆಕ್ಕಗಳಿಗೆ ಅವರ ಈ ಪ್ರಶ್ನೆಯನ್ನೂ ಸೇರಿಸಿಕೊಳ್ಳಿ. ಏಜೆಂಟರು ವೃತ್ತಿ ಬಿಟ್ಟ ಮೇಲೆ ಕೇಳುವವರಿಲ್ಲದೆ ಉಳಿದ ಪಾಲಿಸಿಗಳನ್ನು ಶಾಖೆಯಲ್ಲಿ ನಾವು ‘ಅನಾಥ ಪಾಲಿಸಿ’ ಎಂದೇ ಕರೆಯುತ್ತಿದ್ದೆವು. ಒಬ್ಬರು ಈ ವೃತ್ತಿಯಲ್ಲಿ ಹತ್ತು ವರ್ಷ ನಿಂತಿದ್ದಾರೆ ಎಂಬುದಕ್ಕೆ ಅದರದೇ ಆದ ಬೆಲೆಯಿದೆ.

ಸಾಧನಕೇರಿ_ವಕೀಲೆ, ಧಾರವಾಡ

ಮಂಡಗದ್ದೆಯವರ ಬರಹದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ತಾಯಿಯ ಹೆಸರಿನ ಆ ಎರಡು ನಾಮಿನೇಷನ್ನುಗಳು. ನಾಮಿನಿ ಎಂದರೆ ವಾರಸುದಾರನಲ್ಲ, ಹಣವನ್ನು ಪಡೆದು ಹಕ್ಕುಳ್ಳವರಿಗೆ ತಲುಪಿಸುವ ಕೈ ಮಾತ್ರ ಎಂದು ಸರ್ವೋಚ್ಚ ನ್ಯಾಯಾಲಯವು 1984ರ ಸರಬತಿ ದೇವಿ ಪ್ರಕರಣದಲ್ಲಿಯೇ ಹೇಳಿತ್ತು. 2015ರಲ್ಲಿ ವಿಮಾ ಕಾಯ್ದೆಯ 39ನೆಯ ಕಲಮಿಗೆ ತಿದ್ದುಪಡಿಯಾಗಿ, ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಅವರು ಹಣಕ್ಕೆ ಫಲಾನುಭವಿಗಳಾಗುತ್ತಾರೆ ಎಂಬ ಮಾತು ಸೇರಿತು. ಹಾಗಾದರೆ ಹೆಂಡತಿ ಮಕ್ಕಳಿಗೆ ಪಾಲೇ ಇಲ್ಲವೇ ಎಂಬ ಪ್ರಶ್ನೆ ನಮ್ಮ ಹೈಕೋರ್ಟಿನ ಧಾರವಾಡ ಪೀಠಕ್ಕೆ ಬಂತು. ಮದುವೆಗೆ ಮೊದಲು ತಾಯಿಯನ್ನು ನಾಮಿನಿ ಮಾಡಿದ್ದ ಒಬ್ಬರು, ಮದುವೆಯಾಗಿ ಮಗುವಾದ ಮೇಲೂ ಅದನ್ನು ಬದಲಿಸದೆ 2019ರಲ್ಲಿ ತೀರಿಕೊಂಡಿದ್ದರು. ಪಾಲಿಸಿಗಳು 19 ಲಕ್ಷದ್ದು ಒಂದು, 2 ಲಕ್ಷದ್ದು ಒಂದು. ವಾರಸುದಾರರು ಹಕ್ಕು ಕೇಳಿದಾಗ ನಾಮಿನಿಯ ಹಕ್ಕು ಉತ್ತರಾಧಿಕಾರ ಕಾನೂನಿಗೆ ಮಣಿಯಬೇಕು ಎಂದು 2025ರಲ್ಲಿ ತೀರ್ಪು ಬಂದು, ತಾಯಿ, ಹೆಂಡತಿ ಮತ್ತು ಮಗುವಿಗೆ ಮೂರನೆಯ ಒಂದೊಂದು ಪಾಲು ಆಯಿತು. ಬೇರೆ ಹೈಕೋರ್ಟುಗಳ ಅಭಿಪ್ರಾಯ ಒಂದೇ ರೀತಿ ಇಲ್ಲ. ಈ ಕುಟುಂಬ ಕೋರ್ಟಿನಲ್ಲಿ ಕಳೆದ ವರ್ಷಗಳನ್ನು ಒಂದು ಪುಟದ ಅರ್ಜಿ ಉಳಿಸಬಹುದಿತ್ತು. ಹೀಗಾಗಿ ಸಲಹೆಗಾರರ ಅರ್ಹತೆಯನ್ನು ಅಳೆಯಲು ನನ್ನದೂ ಒಂದು ಮಾನದಂಡವಿದೆ: ಮೊದಲ ಭೇಟಿಯಲ್ಲಿಯೇ ‘ಹಳೆಯ ಬಾಂಡುಗಳನ್ನು ತನ್ನಿ, ನಾಮಿನಿ ಯಾರೆಂದು ನೋಡೋಣ’ ಎಂದವರು ಕೆಲಸ ಬಲ್ಲವರು.

ಉಯಿಲಿಗೆ ಬರೋಣ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಪರವಾನಗಿ ಪಡೆದ ಪತ್ರ ಬರಹಗಾರರು ಇಷ್ಟನ್ನು ಸರಿಯಾಗಿಯೇ ಮಾಡುತ್ತಾರೆ, ಒಂದೇ ಮನೆ ಮತ್ತು ಒಬ್ಬಳೇ ಮಗಳಿರುವ ಕುಟುಂಬಕ್ಕೆ ಅದು ಸಾಕಾಗಲೂಬಹುದು. ನಿಮ್ಮ ಸ್ಥಿತಿ ಹಾಗಿಲ್ಲ. ನಿಮ್ಮ ತೋಟ ಪಾಲಾಗಿಲ್ಲ. 2005ರ ತಿದ್ದುಪಡಿ ಮತ್ತು 2020ರ ವಿನೀತಾ ಶರ್ಮಾ ತೀರ್ಪಿನ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಹಕ್ಕು ಗಂಡುಮಕ್ಕಳ ಹಕ್ಕಿಗೆ ಸಮ, ಆದ್ದರಿಂದ ನಿಮ್ಮ ತಂಗಿಯ ಪಾಲನ್ನೂ ಒಳಗೊಂಡ ಜಮೀನನ್ನು ನೀವು ಉಯಿಲಿನಲ್ಲಿ ಬರೆಯಲಾಗದು. ನಿಮ್ಮ ಪಾಲಿನಷ್ಟನ್ನು ಬರೆಯಬಹುದು. ಆ ಪಾಲು ಎಷ್ಟೆಂದು ಹೇಳಬೇಕಾದರೆ ವಕೀಲರು ಜಮೀನು ಬಂದ ಬಗೆಯನ್ನು ಕೇಳಲೇಬೇಕು: ಅಜ್ಜನಿಂದ ಬಂದದ್ದೇ, ತಂದೆ ಕೊಂಡದ್ದೇ, ಗೇಣಿಯ ಡಿಕ್ಲರೇಷನ್ನಿನಲ್ಲಿ ಸಿಕ್ಕಿದ್ದೇ, ದರಖಾಸ್ತಿನಲ್ಲಿ ಮಂಜೂರಾದದ್ದೇ? ಮಲೆನಾಡಿನಲ್ಲಿ ಒಂದೇ ಮನೆಯ ಪಹಣಿಗಳಲ್ಲಿ ನಾಲ್ಕು ಬಗೆಯೂ ಇರುವುದನ್ನು ಕಂಡಿದ್ದೇನೆ, ಪ್ರತಿಯೊಂದಕ್ಕೂ ನಿಯಮ ಬೇರೆ. ಪಹಣಿ, ವಂಶವೃಕ್ಷ ಮತ್ತು ಮೂಲ ಪತ್ರಗಳನ್ನು ನೋಡದೆ ಉಯಿಲಿನ ಕರಡು ತೆಗೆಯುವ ವಕೀಲರಿಂದ, ನಾನೇ ವಕೀಲೆಯಾಗಿ ಹೇಳುತ್ತೇನೆ, ಎದ್ದು ಬನ್ನಿ.

ಉಯಿಲು ಇಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ನಿಮ್ಮ ಸ್ವತ್ತು ತಾಯಿ, ಹೆಂಡತಿ, ಮಗಳು, ಮಗ ಎಂದು ನಾಲ್ಕು ಸಮಪಾಲಾಗುತ್ತದೆ, ಮತ್ತು ಮಗನ ಪಾಲು ಅವನ ಹೆಸರಿಗೇ ನೇರವಾಗಿ ಬರುತ್ತದೆ. ಅವನು ಸಹಿ ಮಾಡಲಾರದ ಸ್ಥಿತಿಯಲ್ಲಿ ಆ ಪಾಲನ್ನು ಮಾರಲಾಗದು, ಅಡವಿಡಲಾಗದು, ಬ್ಯಾಂಕಿನಿಂದ ತೆಗೆಯಲೂ ಆಗದು.

ವಕೀಲರು ಜಾಹೀರಾತು ಕೊಡುವುದನ್ನು ಬಾರ್ ಕೌನ್ಸಿಲ್ ನಿಯಮಗಳು ನಿಷೇಧಿಸಿವೆ. ಆದ್ದರಿಂದ ‘ಉಯಿಲು ತಜ್ಞ ವಕೀಲರು’ ಎಂದು ಮೊಬೈಲಿನಲ್ಲಿ ಕಾಣುವ ಜಾಹೀರಾತು ಅವರ ಪರವಾಗಿ ಸಾಕ್ಷಿ ಹೇಳುವುದಿಲ್ಲ. ನಿಮ್ಮ ತಾಲ್ಲೂಕು ನ್ಯಾಯಾಲಯದಲ್ಲಿ ವಿಭಾಗ ದಾವೆಗಳನ್ನು ನಡೆಸುವ ಹಿರಿಯರು ಯಾರೆಂದು ವಿಚಾರಿಸಿ. ಮುರಿದುಬಿದ್ದ ಉಯಿಲುಗಳನ್ನು ಕೋರ್ಟಿನಲ್ಲಿ ಕಂಡವರು, ಮುರಿಯದ ಉಯಿಲನ್ನು ಬರೆಯುವುದನ್ನೂ ಬಲ್ಲರು. ಹಳೆಯ ಮೈಸೂರು ಸೀಮೆಯಿಂದಲೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ಪ್ರಕರಣವನ್ನು ಇಂದಿಗೂ ಎಲ್ಲ ಉಯಿಲಿನ ದಾವೆಗಳಲ್ಲಿ ಓದುತ್ತೇವೆ. ಉಯಿಲಿನಿಂದ ಲಾಭ ಪಡೆಯುವವನೇ ಅದನ್ನು ಬರೆಯಿಸುವಲ್ಲಿ ಮುಂದಾಗಿ ನಿಂತಿದ್ದರೆ ಅನುಮಾನ ಹುಟ್ಟುತ್ತದೆ, ಆ ಅನುಮಾನವನ್ನು ನೀಗಿಸುವ ಹೊಣೆ ಅವನದೇ ಎಂಬುದು ಅದರ ತಿರುಳು. ನಿಮ್ಮ ವಕೀಲರ ಬಳಿಗೆ ನೀವೇ ಹೋಗಿ. ಸಾಕ್ಷಿಗಳು ನಿಮಗಿಂತ ಕಿರಿಯರಾಗಿರಲಿ, ಉಯಿಲಿನಲ್ಲಿ ಅವರಿಗೆ ಏನೂ ಸಿಗದಿರಲಿ.

ಮಂಡಗದ್ದೆ_ದಾರಿ, ತೀರ್ಥಹಳ್ಳಿ

ವಕೀಲರೇ, ಧನ್ಯವಾದಗಳು. ಒಂದು ಸಂದೇಹವಿದೆ. ನಾನು ದೊಡ್ಡ ಮೊತ್ತದ ಟರ್ಮ್ ಪಾಲಿಸಿ ಮಾಡಿಸಿದೆ ಎಂದಿಟ್ಟುಕೊಳ್ಳೋಣ. ನಾನು ತೀರಿಕೊಂಡರೆ ಬ್ಯಾಂಕಿನವರು ಅಂಗಡಿಯ ಸಾಲಕ್ಕಾಗಿ ಆ ಹಣದ ಮೇಲೆಯೇ ಕೈಯಿಡುವುದಿಲ್ಲವೇ? ಏಜೆಂಟರನ್ನು ಕೇಳಿದರೆ ‘ನಾಮಿನಿ ಇದ್ದರೆ ಯಾರೂ ಮುಟ್ಟುವಂತಿಲ್ಲ’ ಎಂದರು.

ಸಾಧನಕೇರಿ_ವಕೀಲೆ, ಧಾರವಾಡ

ಆ ಉತ್ತರವನ್ನು ನಂಬಿ ಕೂರಬೇಡಿ. ನಿಮಗೆ ಬೇಕಾದದ್ದು ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆ, 1874. ಅದರ 6ನೆಯ ಕಲಮಿನ ಪ್ರಕಾರ, ಮದುವೆಯಾದ ಗಂಡಸು ತನ್ನ ಜೀವದ ಮೇಲೆ ಹೆಂಡತಿಯ ಅಥವಾ ಮಕ್ಕಳ ಒಳಿತಿಗಾಗಿ ಎಂದು ಘೋಷಿಸಿ ಪಾಲಿಸಿ ಮಾಡಿಸಿದರೆ ಅದು ಒಂದು ಟ್ರಸ್ಟ್ ಆಗುತ್ತದೆ. ಸಾಲ ಕೊಟ್ಟವರನ್ನು ವಂಚಿಸುವ ಉದ್ದೇಶವಿಲ್ಲದಿರುವವರೆಗೆ ಆ ಹಣದ ಮೇಲೆ ಅವರಿಗೆ ಹಕ್ಕಿಲ್ಲ, ಅದು ನಿಮ್ಮ ಆಸ್ತಿಯ ಲೆಕ್ಕಕ್ಕೂ ಬರುವುದಿಲ್ಲ. ವ್ಯಾಪಾರಸ್ಥರಿಗೆ ಇದಕ್ಕಿಂತ ಗಟ್ಟಿಯಾದ ಬೇಲಿ ಇಲ್ಲ, ಆದರೂ ಇದನ್ನು ತಾವಾಗಿ ಹೇಳುವ ಏಜೆಂಟರನ್ನು ನಾನು ಕಂಡದ್ದು ವಿರಳ.

ಎರಡು ಎಚ್ಚರಿಕೆಗಳಿವೆ. ಪ್ರಸ್ತಾವನೆ ಸಲ್ಲಿಸುವಾಗಲೇ ಈ ಘೋಷಣೆಯ ನಮೂನೆಯನ್ನು ಕೊಡಬೇಕು, ಪಾಲಿಸಿ ಬಂದ ಮೇಲೆ ಸೇರಿಸಲಾಗದು. ಹೀಗಾಗಿ ನಿಮ್ಮ ಹಳೆಯ ನಾಲ್ಕಕ್ಕೆ ಇದು ಒದಗುವುದಿಲ್ಲ. ಒಮ್ಮೆ ಹೆಸರಿಸಿದ ಫಲಾನುಭವಿಗಳನ್ನು ಮುಂದೆ ಮನಸ್ಸು ಬದಲಾದರೂ ತೆಗೆಯಲಾಗದು, ಆ ಪಾಲಿಸಿಯನ್ನು ಅಡವಿಟ್ಟು ಸಾಲ ತೆಗೆಯಲೂ ಬರುವುದಿಲ್ಲ. ಹಣವನ್ನು ಪಡೆಯಲು ಟ್ರಸ್ಟಿಯನ್ನು ನೇಮಿಸಿ. ನೇಮಿಸದಿದ್ದರೆ ಅದು ಸರ್ಕಾರದ ಅಧಿಕೃತ ಟ್ರಸ್ಟಿಯ ಕೈಗೆ ಹೋಗುತ್ತದೆ. ಮಗನ ಸ್ಥಿತಿಯ ಕಾರಣದಿಂದ ಟ್ರಸ್ಟಿಯ ಆಯ್ಕೆಯೇ ನಿಮ್ಮ ಇಡೀ ಯೋಜನೆಯ ಕೀಲು.

ಮಲ್ಲಿಗೆಚಪ್ಪರ, ಬೆಂಗಳೂರು

ಇಷ್ಟು ದಿನ ಓದುತ್ತಿದ್ದೆ, ಈಗ ಬರೆಯದೆ ಇರಲಾಗಲಿಲ್ಲ. ನನ್ನ ಮಗನಿಗೆ 22 ವರ್ಷ, ಅವನಿಗೆ ಆಟಿಸಂ ಇದೆ. ನಿಮಗೆ ಈಗ ಗೊತ್ತಿರಬೇಕಾದ ಮೊದಲ ಸಂಗತಿ ಏನೆಂದರೆ, ಮಗನಿಗೆ 18 ತುಂಬಿದ ದಿನದಿಂದ ತಂದೆತಾಯಿಯಾದ ನೀವೂ ಕಾನೂನಿನ ಕಣ್ಣಿನಲ್ಲಿ ಅವನ ಪಾಲಕರಾಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಅಡಿಯಲ್ಲಿ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಯಿದ್ದು, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ ಮತ್ತು ಬಹುವಿಧ ಅಸಾಮರ್ಥ್ಯ ಇರುವವರಿಗೆ ಅಲ್ಲಿ ಅರ್ಜಿ ಸಲ್ಲಿಸಿ ಕಾನೂನುಬದ್ಧ ಪಾಲಕತ್ವ ಪಡೆಯಬೇಕು. ನಿಮಗೆ ಇನ್ನೂ ಐದು ವರ್ಷವಿದೆ. ನಾನು ಭೇಟಿಯಾದ ‘ಪ್ಲಾನರ್’ಗಳಲ್ಲಿ ಹೆಚ್ಚಿನವರು ಈ ಕಾಯ್ದೆಯ ಹೆಸರನ್ನೇ ಕೇಳಿರಲಿಲ್ಲ.

ಒಬ್ಬರು ಬಂದು, ಮಗನ ಕತೆಯನ್ನು ಹತ್ತು ನಿಮಿಷ ಕೇಳಿ, ಕಣ್ಣಿನಲ್ಲಿ ನೀರು ತಂದುಕೊಂಡು, ಮಕ್ಕಳ ಭವಿಷ್ಯಕ್ಕೆ ಎಂಬ ಹೆಸರಿನ ಯೂಲಿಪ್ (ವಿಮೆ ಮತ್ತು ಮಾರುಕಟ್ಟೆ ಹೂಡಿಕೆ ಸೇರಿದ ಪಾಲಿಸಿ) ಒಂದನ್ನು ಮುಂದಿಟ್ಟರು. ಅದರ ನಾಮಿನಿ ಯಾರಾಗಬೇಕು ಎಂದು ನಾನು ಕೇಳಿದ್ದಕ್ಕೆ ‘ಮಗನೇ, ಮೇಡಂ, ಇನ್ನಾರು’ ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಕೊನೆಗೆ ನಾವು ಆರಿಸಿಕೊಂಡ ಸಲಹೆಗಾರ್ತಿ ಶುಲ್ಕ ಪಡೆಯುವವರು. ಮೊದಲ ಭೇಟಿಯಲ್ಲಿ ಯಾವ ಪಾಲಿಸಿಯ ಹೆಸರನ್ನೂ ಅವರು ಎತ್ತಲಿಲ್ಲ. ಮಗ ಬೆಳಿಗ್ಗೆ ಏಳುವುದರಿಂದ ಮಲಗುವವರೆಗೆ ಯಾರು ಏನು ಮಾಡುತ್ತೀರಿ, ಅದಕ್ಕೆ ಹಣ ಕೊಟ್ಟು ಜನರನ್ನು ಇಟ್ಟುಕೊಂಡರೆ ತಿಂಗಳಿಗೆ ಎಷ್ಟಾಗುತ್ತದೆ ಎಂದು ಬರೆಸಿಕೊಂಡರು. ಆ ಪಟ್ಟಿ ತಯಾರಿಸುವಾಗ ನಾನು ಎರಡು ಸಲ ಎದ್ದುಹೋಗಿ ಮುಖ ತೊಳೆದು ಬಂದೆ. ನಂತರ ಅವರು ಕೇಳಿದ್ದು, ‘ನಿಮ್ಮ ನಂತರ ನಿಮ್ಮ ತಂಗಿ ನೋಡಿಕೊಳ್ಳುತ್ತಾರೆ ಎಂದಿರಿ, ಅವರಿಗೆ ನಿಮಗಿಂತ ಎರಡೇ ವರ್ಷ ಕಡಿಮೆಯಲ್ಲವೇ, ಅವರ ನಂತರ ಯಾರು?’ ಎಂದು. ಇಷ್ಟು ನೇರವಾಗಿ ಅದುವರೆಗೆ ಯಾರೂ ಕೇಳಿರಲಿಲ್ಲ.

ಅವರ ಸಲಹೆಯಂತೆ ವಕೀಲರೊಬ್ಬರು 1882ರ ಭಾರತೀಯ ಟ್ರಸ್ಟ್ ಕಾಯ್ದೆಯ ಅಡಿಯಲ್ಲಿ ಖಾಸಗಿ ಟ್ರಸ್ಟ್ ಪತ್ರವನ್ನು ಬರೆದರು. ಮೂವರು ಟ್ರಸ್ಟಿಗಳು, ಅವರ ನಂತರ ಬರುವವರು, ಮಗನ ಖರ್ಚಿಗೆ ಮಾತ್ರ ಹಣ ತೆಗೆಯುವ ಷರತ್ತು, ಅವನ ನಂತರ ಉಳಿದದ್ದು ಎಲ್ಲಿಗೆ ಹೋಗಬೇಕು ಎಂಬ ವಿವರ, ಎಲ್ಲವೂ ಅದರಲ್ಲಿವೆ. ನಮ್ಮಿಬ್ಬರ ಉಯಿಲುಗಳೂ ಆ ಟ್ರಸ್ಟ್‌ಗೇ ಸ್ವತ್ತನ್ನು ಬಿಟ್ಟುಕೊಡುತ್ತವೆ. ವಿಮೆಯ ಹಣ ಟ್ರಸ್ಟ್‌ಗೆ ಹೇಗೆ ಸೇರಬೇಕೆಂಬುದನ್ನು ಪಾಲಿಸಿ ಮಾಡಿಸುವ ಮೊದಲೇ ವಕೀಲರು ಮತ್ತು ಏಜೆಂಟರು ಒಂದೇ ಮೇಜಿನ ಎದುರು ಕುಳಿತು ನಿಶ್ಚಯಿಸಿದರು. ಅವರನ್ನು ಹಾಗೆ ಕೂರಿಸಲು ನಾನು ಎರಡು ತಿಂಗಳು ಫೋನು ಮಾಡಿದ್ದೇನೆ ಎಂಬುದನ್ನೂ ಹೇಳಬೇಕು.

ಇನ್ನೊಂದು ಮಾತು ಹೇಳಲೇಬೇಕು. ನಮ್ಮಲ್ಲಿ ಹಿರಿಯರು ‘ಎಲ್ಲವನ್ನೂ ಮಗಳ ಹೆಸರಿಗೆ ಬರೆದುಬಿಡಿ, ತಮ್ಮನನ್ನು ಅವಳು ನೋಡಿಕೊಳ್ಳುತ್ತಾಳೆ’ ಎನ್ನುತ್ತಾರೆ. ಮಗಳ ಮನಸ್ಸಿನ ಬಗ್ಗೆ ಅನುಮಾನ ಬೇಡ. ಆದರೆ ಅವಳಿಗೆ ಸಾಲವಾದರೆ, ಅವಳೇ ಅಕಾಲದಲ್ಲಿ ಹೋದರೆ, ಆ ಸ್ವತ್ತು ಅವಳ ವಾರಸುದಾರರಿಗೆ ಹೋಗುತ್ತದೆ, ತಮ್ಮನಿಗೆ ಅದರ ಮೇಲೆ ಯಾವ ಹಕ್ಕೂ ಇರುವುದಿಲ್ಲ. ಈ ಮಾತನ್ನು ನಿಮ್ಮ ಮಗಳ ಎದುರಿನಲ್ಲಿಯೇ ಆಡಿ. ಪಿಯುಸಿ ಓದುವ ಹುಡುಗಿಗೆ ಇದು ಅರ್ಥವಾಗುತ್ತದೆ.

ಕಾಪು_ದೀಪಸ್ತಂಭ, ದುಬೈ

ಹೊರದೇಶದಲ್ಲಿರುವವರಿಗೆ ಒಂದು ಮಾತು. ದುಬೈಯಲ್ಲಿರುವ ಸ್ವತ್ತಿಗೆ ಮುಸ್ಲಿಮೇತರರು ಡಿಐಎಫ್‌ಸಿ (ದುಬೈ ಅಂತರರಾಷ್ಟ್ರೀಯ ಹಣಕಾಸು ಕೇಂದ್ರ) ನ್ಯಾಯಾಲಯದ ವ್ಯವಸ್ಥೆಯಲ್ಲಿ ಉಯಿಲು ನೋಂದಾಯಿಸಬಹುದು, ನಾನೂ ಮಾಡಿಸಿದ್ದೇನೆ. ಊರಿನ ಜಾಗಕ್ಕಾಗಿ ಉಡುಪಿಯಲ್ಲಿ ಬೇರೆ ಉಯಿಲು ಮಾಡಿಸಿದಾಗ, ಮೊದಲ ಸಾಲಿನಲ್ಲಿಯೇ ‘ಈ ಹಿಂದಿನ ನನ್ನ ಎಲ್ಲ ಉಯಿಲುಗಳನ್ನು ರದ್ದುಪಡಿಸಿದ್ದೇನೆ’ ಎಂದು ವಾಡಿಕೆಯಂತೆ ಬರೆದಿದ್ದರು. ಅದಕ್ಕೆ ಸಹಿ ಮಾಡಿದ್ದರೆ ದುಬೈಯ ಉಯಿಲು ಹೋಗಿಬಿಡುತ್ತಿತ್ತು. ಇದನ್ನು ಹಿಡಿದದ್ದು ವಕೀಲರಲ್ಲ, ನನ್ನ ಹೆಂಡತಿ. ಅಳಿಯಸಂತಾನದ ಕುಟುಂಬದ ಜಾಗವಿರುವವರು ಆ ಕಾನೂನು ಬಲ್ಲ ಕರಾವಳಿಯ ವಕೀಲರನ್ನೇ ಹಿಡಿಯಬೇಕು ಎಂಬುದನ್ನೂ ಸೇರಿಸುತ್ತೇನೆ.

ಕಡಲಂಚು, ಭಟ್ಕಳ

ಮುಸ್ಲಿಂ ಓದುಗರಿಗೂ ಒಂದು ಸೂಚನೆಯಿರಲಿ. ನಮ್ಮ ವೈಯಕ್ತಿಕ ಕಾನೂನಿನಲ್ಲಿ ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದ ಸ್ವತ್ತಿನಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ವಸೀಯತ್ ಮೂಲಕ ಬರೆಯಲಾಗದು, ವಾರಸುದಾರರಲ್ಲಿ ಒಬ್ಬರಿಗೆ ಬರೆಯಬೇಕಾದರೆ ಉಳಿದವರ ಒಪ್ಪಿಗೆ ಬೇಕು. ನನಗೆ ಒಬ್ಬ ಸಲಹೆಗಾರರು ಅಚ್ಚು ಹಾಕಿದ ಉಯಿಲಿನ ನಮೂನೆ ಕೊಟ್ಟು ಹೆಸರು ತುಂಬಿಸಿ ಎಂದಿದ್ದರು. ನಿಮ್ಮ ಧರ್ಮ ಯಾವುದು, ಯಾವ ಕಾನೂನು ಅನ್ವಯಿಸುತ್ತದೆ ಎಂಬುದನ್ನು ಅವರು ಕೇಳಿಯೇ ಇರಲಿಲ್ಲ.

ಹಳೆಯ_ಶಾಖಾಧಿಕಾರಿ, ಮೈಸೂರು

ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ. ವಿಮಾ ಕಂಪನಿಯೊಂದಿಗಿನ ವಿವಾದಕ್ಕೆ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿಯಿದೆ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟಿರಬೇಕು, ಅವರು ನಿರಾಕರಿಸಿದ ಒಂದು ವರ್ಷದೊಳಗೆ ಇಲ್ಲಿಗೆ ಬರಬೇಕು. ಶುಲ್ಕವಿಲ್ಲ, ವಕೀಲರಿಗೆ ಪ್ರವೇಶವಿಲ್ಲ. ಧಾರವಾಡದ ಮೇಡಂ ಕ್ಷಮಿಸಬೇಕು.

ಮಂಡಗದ್ದೆ_ದಾರಿ, ತೀರ್ಥಹಳ್ಳಿ

ನಾಲ್ಕು ತಿಂಗಳ ನಂತರ ಬರೆಯುತ್ತಿದ್ದೇನೆ. ಎರಡು ಪಾಲಿಸಿಗಳ ನಾಮಿನೇಷನ್ ಬದಲಾವಣೆ ಒಂದೇ ಭೇಟಿಯಲ್ಲಿ ಮುಗಿಯಿತು. ಅದಕ್ಕೆ ಮೊದಲು ತಾಯಿಗೆ ಎಲ್ಲವನ್ನೂ ಹೇಳಿದೆ. ‘ಇಷ್ಟು ವರ್ಷ ಯಾಕೆ ಬಿಟ್ಟಿದ್ದೆ’ ಎಂದು ಅವರೇ ಬೈದರು. ಶಿವಮೊಗ್ಗದ ಫಲಕದವರ ಬಳಿ ಸಂಖ್ಯೆ ಕೇಳಿದೆ, ಎಆರ್‌ಎನ್ ತೋರಿಸಿದರು, ಕಾಫಿ ಕುಡಿದು ಬಂದೆ. ಸೆಬಿಯ ಪಟ್ಟಿಯಿಂದ ಬೆಂಗಳೂರಿನ ಒಬ್ಬ ಶುಲ್ಕ ಸಲಹೆಗಾರರನ್ನು ಹುಡುಕಿ ಮೂರು ಸಲ ವಿಡಿಯೋ ಕರೆಯಲ್ಲಿ ಮಾತನಾಡಿದೆವು. ಒಂದೂವರೆ ಕೋಟಿಯ ಟರ್ಮ್ ಪಾಲಿಸಿ ಬೇಕು, ಹಳೆಯದರಲ್ಲಿ ಮೂರನ್ನು ಮುಂದುವರಿಸಿ ಒಂದನ್ನು ಪೇಯ್ಡ್ ಅಪ್ ಮಾಡಬಹುದು ಎಂದು ಅವರು ಬರೆದುಕೊಟ್ಟರು.

ಪಾಲಿಸಿಯನ್ನು ನಮ್ಮ ಸಂಬಂಧಿಕ ಏಜೆಂಟರ ಮೂಲಕವೇ ಮಾಡಿಸಿದೆ. 1874ರ ಕಾಯ್ದೆಯ ನಮೂನೆಯನ್ನು ಅವರು ಅದುವರೆಗೆ ಒಮ್ಮೆಯೂ ಬಳಸಿರಲಿಲ್ಲ. ವಿಭಾಗೀಯ ಕಚೇರಿಗೆ ನನ್ನ ಎದುರಿನಲ್ಲಿಯೇ ಫೋನು ಮಾಡಿ ಕೇಳಿಕೊಂಡು ತುಂಬಿದರು. ಅದರಲ್ಲಿ ಹೆಂಡತಿ ಮತ್ತು ಮಗಳು ಫಲಾನುಭವಿಗಳು. ಮಗನಿಗಾಗಿ ಟ್ರಸ್ಟ್ ಪತ್ರದ ಕರಡು ವಕೀಲರ ಬಳಿಯಿದೆ. ತೋಟದ ವಿಭಾಗ ಪತ್ರಕ್ಕಾಗಿ ತಂಗಿ ಪುಣೆಯಿಂದ ದೀಪಾವಳಿಗೆ ಬರುವುದನ್ನು ಕಾಯುತ್ತಿದ್ದೇವೆ, ಉಯಿಲು ಅದರ ನಂತರ.

ಮೈಸೂರಿನ ಹಿರಿಯರಿಗೆ ವಿಶೇಷವಾಗಿ ತಿಳಿಸಬೇಕಾದ ಒಂದು ವಿಷಯವಿದೆ. ಬಾಂಡು ಬಂದ ದಿನವೇ ಅದಕ್ಕೆ ಲಗತ್ತಿಸಿದ್ದ ಪ್ರಪೋಸಲ್ ಫಾರಮಿನ ಪ್ರತಿಯನ್ನು ಹೆಂಡತಿಯೊಂದಿಗೆ ಕುಳಿತು ಓದಿದೆ. ಎಲೆ ಅಡಕೆಯ ಜೊತೆ ಹೊಗೆಸೊಪ್ಪು ಹಾಕುತ್ತೇನೆಂದು ನಾನು ಸ್ಪಷ್ಟವಾಗಿ ಹೇಳಿದ್ದೆ, ಆದರೂ ತಂಬಾಕಿನ ಪ್ರಶ್ನೆಯ ಮುಂದೆ ‘ಇಲ್ಲ’ ಎಂದು ಮುದ್ರಣವಾಗಿತ್ತು. ಪಾಲಿಸಿ ಹಿಂದಿರುಗಿಸಲು 30 ದಿನಗಳ ಅವಕಾಶವಿತ್ತು, ಆದರೆ ಹಿಂದಿರುಗಿಸದೆ ತಿದ್ದುಪಡಿಗಾಗಿ ಲಿಖಿತ ಪತ್ರ ಕೊಟ್ಟೆವು. ಪ್ರೀಮಿಯಂ ಹೆಚ್ಚಾಯಿತು. ತಿದ್ದಿದ ಪ್ರತಿ ಮೊನ್ನೆ ಅಂಚೆಯಲ್ಲಿ ಬಂದಿದೆ, ಅದರಲ್ಲಿ ‘ಹೌದು’ ಎಂದಿದೆ.